ಜ್ವರ ಇಳಿದ ಮೇಲಿನ ಅನ್ನ

ಕಾಯಿಸಿದ ಎತ್ತಿನ ಪಿತ್ತರಸ ತಣಿಯುವಾಗ ಸೀಸೆಯ ಕತ್ತಿನ ಒಳಗೆ ತೆಳ್ಳಗೆ ಒಂದು ಹಸಿರು ಗೆರೆ ಕಟ್ಟುತ್ತದೆ. ಬೆರಳಿನಿಂದ ಒರೆಸಿದರೆ ಹೋಗುವುದಿಲ್ಲ, ಸೋಡಾ ಹಾಕಿ ಉಜ್ಜಬೇಕು. ವಾಸನೆ ಸೋಡಾಕ್ಕೂ ಬಗ್ಗುವುದಿಲ್ಲ. ಕಹಿಯನ್ನು ಮೂಗಿನಿಂದಲೂ ತಿಳಿಯಬಹುದು ಎಂದು ನನಗೆ ಗೊತ್ತಾದದ್ದು ಈ ಸೀಸೆಗಳಿಂದ.

ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಪಿತ್ತರಸ ಬಾಂದ್ರಾದ ಕಸಾಯಿಖಾನೆಯಿಂದ ಬರುತ್ತದೆ. ಟೈಫಾಯಿಡ್ ಇರಬಹುದೆಂಬ ಅನುಮಾನವಿದ್ದವರ ತೋಳಿನಿಂದ ತೆಗೆದ ರಕ್ತವನ್ನು ನಾವು ಇದಕ್ಕೆ ಹಾಕುತ್ತೇವೆ. ರಕ್ತಕ್ಕೆ ಕ್ರಿಮಿಗಳನ್ನು ಕೊಲ್ಲುವ ಶಕ್ತಿ ಇರುತ್ತದೆ. ಮೈಯಿಂದ ಹೊರಗೆ ಬಂದು ಸೀಸೆಯಲ್ಲಿ ಬಿದ್ದ ಮೇಲೂ ಅದು ಸ್ವಲ್ಪ ಹೊತ್ತು ತನ್ನ ಕೆಲಸ ಬಿಡುವುದಿಲ್ಲ. ಪಿತ್ತರಸ ಆ ಶಕ್ತಿಯನ್ನು ಅಡಗಿಸುತ್ತದೆ. ಟೈಫಾಯಿಡ್ ಕ್ರಿಮಿಗೆ ಮಾತ್ರ ಪಿತ್ತರಸದಿಂದ ಯಾವ ತೊಂದರೆಯೂ ಇಲ್ಲ. ತವರಿಗೆ ಬಂದ ಹಾಗೆ ಬೆಳೆಯುತ್ತದೆ.

ಎರಡು ವರ್ಷ ಈ ಕೆಲಸ ಬೇಡವೆಂದು ಕೇಳಿ ಬಿಡಿಸಿಕೊಂಡಿದ್ದೆ. ಈಗ ಅದನ್ನು ಮಾಡುತ್ತಿದ್ದವರು ಬರೋಡಾಕ್ಕೆ ಹೋದರು. ಕಳೆದ ವಾರ ಸೀಸೆಗಳು ಮತ್ತೆ ನನ್ನ ಮೇಜಿಗೆ ಬಂದವು. ಮುಚ್ಚಳ ತೆಗೆದ ಕೂಡಲೇ ಆ ಮಳೆಗಾಲವೂ ಬಂತು.

ಆಗ ನಾವು ವಿಲೆ ಪಾರ್ಲೆಯಲ್ಲಿ ರೈಲುಹಳಿಯ ಪಕ್ಕದ ಒಂದು ಚಾಳಿನಲ್ಲಿದ್ದೆವು. ಎರಡು ಕೋಣೆ, ಉದ್ದಕ್ಕೆ ಗ್ಯಾಲರಿ. ನಾವು ಧಾರವಾಡದವರು, ಅಪ್ಪ ತೀರಿದ ಮೇಲೆ ಅಣ್ಣನ ನೌಕರಿಯ ಹಿಂದೆ ಮುಂಬಯಿಗೆ ಬಂದವರು. ಅವ್ವ, ಅಣ್ಣ, ನಾನು, ಮತ್ತು ಅಣ್ಣನ ಹೆಂಡತಿ ಕುಸುಮಾ. ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಗದಗಿನವಳು, ನನಗಿಂತ ಒಂದು ವರ್ಷ ಚಿಕ್ಕವಳು. ನಾನು ಅವಳನ್ನು ವೈನಿ ಎಂದೇ ಕರೆಯುತ್ತಿದ್ದೆ. ಅವಳು ನನ್ನನ್ನು ಸುಮಿ ಎನ್ನುತ್ತಿದ್ದಳು, ಕೀಟಲೆ ಮಾಡಬೇಕೆನಿಸಿದಾಗ ಕ್ರಿಮಿಬಾಯಿ. ನಾನು ಸಂಜೆ ಮನೆಗೆ ಬಂದರೆ ಗ್ಯಾಲರಿಯಿಂದಲೇ ಕೂಗುತ್ತಿದ್ದಳು: "ಅತ್ತೀ, ಕ್ರಿಮಿಬಾಯಿ ಬಂದ್ರು. ಚಹಾ ಇಡ್ರಿ. ಇವತ್ತೆಷ್ಟ ಮಂದೀನ್ನ ಹಿಡದ್ರಿ ಬಾಯಿ? ಅವಕ್ಕೂ ಹಸಿವಿ ಆಗ್ತದೇನ್ರೀ?"

ಯಾರ ಜೊತೆಗೂ ಹೆಚ್ಚು ಮಾತಾಡದ ನಾನು ಅವಳಿಗೆ ಉತ್ತರ ಕೊಡುತ್ತಿದ್ದೆ. "ಆಗ್ತದ. ನಮಗಿಂತ ಹೆಚ್ಚು."

ಮಳೆ ಹಿಡಿದು ಹದಿನೈದು ದಿನವಾಗಿತ್ತು. ವೈನಿಗೆ ತಲೆನೋವು ಶುರುವಾಯಿತು. ತಲೆಗೆ ಬಟ್ಟೆ ಬಿಗಿದುಕೊಂಡು ಅಡುಗೆ ಮಾಡಿದಳು. ಜ್ವರ ಒಮ್ಮೆಗೇ ಬರಲಿಲ್ಲ. ಮೆಟ್ಟಿಲು ಹತ್ತಿದ ಹಾಗೆ ದಿನಕ್ಕಿಷ್ಟು ಏರಿತು. ಅವ್ವ ಅಣ್ಣನನ್ನು ಬೈದಳು. "ಜುಹೂಕ್ಕ ಕರ್ಕೊಂಡು ಹೋಗಿ ಬರ್ಫದ ಗೋಳಾ ತಿನಿಸಿದಿ. ಥಂಡಿ ಹೊಟ್ಟ್ಯಾಗ ಕೂತದ." ಗೋಳಾದಿಂದ ಬಂತೋ, ನಲ್ಲಿಯ ನೀರಿನಿಂದ ಬಂತೋ, ಯಾರ ಕೈಯಿಂದ ಬಂತೋ, ಕೊನೆಗೂ ತಿಳಿಯಲಿಲ್ಲ.

ಪಾರ್ಲೆಯ ಡಾಕ್ಟರು ಬಂದು ನೋಡಿ ರಕ್ತ ತೆಗೆದುಕೊಟ್ಟರು. ಪಿತ್ತರಸದ ಸೀಸೆಯನ್ನು ನಾನೇ ತಂದಿದ್ದೆ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಮೀನು ಮಾರುವವರ ಬುಟ್ಟಿಗಳ ನಡುವೆ ನಿಂತು, ಎದೆಗೆ ಅವಚಿಕೊಂಡು ಹೋದೆ. ಎರಡು ದಿನದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಅವು ಕಂಡವು. ಸಣ್ಣ ಕಡ್ಡಿಗಳು, ಮೀನಿನ ಮರಿಗಳ ಹಾಗೆ ಅತ್ತಿಂದಿತ್ತ ಓಡುತ್ತಿದ್ದವು. ಎಷ್ಟೋ ಜನರ ಕ್ರಿಮಿಗಳನ್ನು ನೋಡಿದ್ದೆ. ಹೆಸರು ಗೊತ್ತಿದ್ದವರ ಕ್ರಿಮಿಗಳನ್ನು ನೋಡಿದ್ದು ಅದೇ ಮೊದಲು.

ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಕರ್ಣಿಕ್. ಮಿತಭಾಷಿ, ತಪ್ಪು ಮಾತಾಡಲು ಹೆದರುವ ಮನುಷ್ಯ. ಅವರು ಕಣ್ಣಿಟ್ಟು ನೋಡಿ, "ಮನೆಯವರಾ?" ಎಂದು ಮರಾಠಿಯಲ್ಲಿ ಕೇಳಿದರು.

"ಅಣ್ಣನ ಹೆಂಡತಿ."

"ಹೊಸ ಕ್ಯಾಪ್ಸೂಲ್ ಸಿಗುತ್ತೆ, ಶುರು ಮಾಡಿಸಿ. ಜ್ವರ ಬೇಗ ಇಳಿಯುತ್ತೆ." ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಹೇಳಿದರು: "ಸುಮತಿಬಾಯಿ, ಇಳಿದದ್ದನ್ನು ನಂಬಬೇಡಿ. ಆ ಔಷಧಿ ಇವನ್ನು ಕೊಲ್ಲೋದಿಲ್ಲ. ಕಟ್ಟಿಹಾಕುತ್ತೆ. ಕೊಲ್ಲಬೇಕಾದದ್ದು ಅವರ ರಕ್ತವೇ. ರಕ್ತಕ್ಕೆ ಅದನ್ನು ಕಲಿಯೋಕೆ ದಿನ ಹಿಡಿಯುತ್ತೆ."

ಕ್ಯಾಪ್ಸೂಲ್ ಶುರುವಾದ ನಾಲ್ಕನೆಯ ದಿನ ಜ್ವರ ಬಿಟ್ಟಿತು. ಥರ್ಮಾಮೀಟರನ್ನು ಅಣ್ಣ ಮೂರು ಸಲ ಜಾಡಿಸಿ ಮತ್ತೆ ಮತ್ತೆ ಇಟ್ಟು ನೋಡಿದ. ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಕೆಳಗಿನ ಮನೆಯ ಸೀತಕ್ಕ ಮೇಲೆ ಬಂದರು. ಅವರು ಉಡುಪಿಯ ಕಡೆಯವರು, ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆ ಭಟ್ಟರು. ವೈನಿಯ ಗಲ್ಲ ಮುಟ್ಟಿ, "ಎಂತ ಮಾರಾಯ್ತಿ, ಎಲುಬು ಮಾತ್ರ ಉಳಿದದ್ದಲ್ಲ ನಿನಗೆ" ಎಂದರು. ವೈನಿ ನಕ್ಕಳು. ನಗುವಾಗ ಹಲ್ಲುಗಳೇ ದೊಡ್ಡವಾಗಿ ಕಂಡವು.

ನಾನು ಅವಳ ರಕ್ತದ ತಿಳಿಯನ್ನು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ. ಸಾಲಾಗಿ ಕೊಳವೆಗಳು, ಒಂದಕ್ಕಿಂತ ಒಂದರಲ್ಲಿ ತಿಳಿ ಇನ್ನಷ್ಟು ತೆಳು. ಎಲ್ಲಕ್ಕೂ ಸತ್ತ ಟೈಫಾಯಿಡ್ ಕ್ರಿಮಿ ಸೇರಿಸಿ ಬೆಚ್ಚಗಿಡುತ್ತೇವೆ. ರಕ್ತ ಕ್ರಿಮಿಯನ್ನು ಗುರುತು ಹಿಡಿಯಲು ಕಲಿತಿದ್ದರೆ ಅವು ಒಂದಕ್ಕೊಂದು ಅಂಟಿ, ಒಡೆದ ಹಾಲಿನ ಹಾಗೆ ಕೊಳವೆಯ ತಳಕ್ಕೆ ಇಳಿಯುತ್ತವೆ. ವೈನಿಯದು ಮೊದಲನೆಯ ಕೊಳವೆಯಲ್ಲೂ ಸರಿಯಾಗಿ ಇಳಿದಿರಲಿಲ್ಲ. ಉಳಿದವು ಮೊದಲಿನ ಹಾಗೆಯೇ ಮಬ್ಬಾಗಿ ನಿಂತಿದ್ದವು.

ಡಾಕ್ಟರ್ ಕರ್ಣಿಕ್ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇನ್ನೂ ಏನೂ ಕಲಿತಿಲ್ಲ," ಎಂದರು. "ಕ್ಯಾಪ್ಸೂಲ್ ನಿಲ್ಲಿಸಬೇಡಿ. ಗಂಜಿನೀರು, ಹಾಲು, ಗ್ಲೂಕೋಸ್. ಬೇರೇನೂ ಬೇಡ."

ಈ ಕ್ರಿಮಿಯ ನಡತೆ ನನಗೆ ಬಾಯಿಪಾಠವಾಗಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದಿದ್ದೆ. ಬಾಯಿಯಿಂದ ಒಳಗೆ ಬಂದದ್ದು ಸಣ್ಣ ಕರುಳಿನ ಗೋಡೆಯನ್ನು ದಾಟುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಕಾವಲಿನ ಠಾಣೆಗಳಿವೆ. ಅಲ್ಲಿಯ ಜೀವಕಣಗಳು ಅದನ್ನು ನುಂಗುತ್ತವೆ. ಬೇರೆ ಕ್ರಿಮಿಯಾದರೆ ಅಲ್ಲಿಗೆ ಮುಗಿಯಿತು. ಇದು ನುಂಗಿದವರ ಹೊಟ್ಟೆಯಲ್ಲೇ ಬದುಕಿಕೊಂಡು, ಅವರ ಹೆಗಲ ಮೇಲೆ ಪಿತ್ತಕೋಶದವರೆಗೆ ಹೋಗಿ, ಪಿತ್ತರಸದ ಜೊತೆ ಇಳಿದು ಮತ್ತೆ ಕರುಳಿಗೆ ಬರುತ್ತದೆ. ಈ ಎರಡನೆಯ ಸಲ ಕಾವಲಿನವರು ಎಚ್ಚೆತ್ತಿರುತ್ತಾರೆ. ಅವರು ರೇಗಿ ಬಿದ್ದ ಕಡೆಯಲ್ಲೆಲ್ಲ ಕರುಳಿನ ಗೋಡೆ ಊದಿ, ಸತ್ತು, ಕಳಚಿ, ಹುಣ್ಣಾಗುತ್ತದೆ. ಗೋಡೆಯನ್ನು ಸುಡುವುದು ಕ್ರಿಮಿಯೊಂದೇ ಅಲ್ಲ, ನಮ್ಮವರೂ ಸುಡುತ್ತಾರೆ. ಜ್ವರ ಇಳಿದ ಮಾತ್ರಕ್ಕೆ ಆ ಹುಣ್ಣು ಮಾಯುವುದಿಲ್ಲ. ಕೆಲವು ಕಡೆ ಉಳಿದಿರುವುದು ಒದ್ದೆ ಕಾಗದದಷ್ಟು ದಪ್ಪದ ಪೊರೆ.

ನಮ್ಮ ಕಡೆ ಈ ಜ್ವರಕ್ಕೆ ಇಪ್ಪತ್ತೊಂದು ದಿನದ ಜ್ವರ ಎನ್ನುತ್ತಾರೆ. ಅವ್ವ ತನ್ನ ಕಾಲದಲ್ಲಿ ಎಷ್ಟೋ ಜನರಿಗೆ ಈ ಜ್ವರದಲ್ಲಿ ಆರೈಕೆ ಮಾಡಿದ್ದಳು. ಮೂರು ವಾರ ಗಂಜಿಯ ತಿಳಿ ಬಿಟ್ಟು ಏನೂ ಕೊಡುತ್ತಿರಲಿಲ್ಲ, ಅತ್ತರೂ ಕೊಡುತ್ತಿರಲಿಲ್ಲ. ಜ್ವರ ತಾನಾಗಿ ಬಿಟ್ಟಿತೆಂದರೆ ಒಳ್ಳೆಯ ದಿನ ನೋಡಿ ತಲೆಗೆ ಬಿಸಿನೀರು ಹಾಕುವುದು, ಅದೇ ದಿನ ಮೆತ್ತಗಿನ ಅನ್ನ ಮತ್ತು ಮೆಂತ್ಯದ ಸಾರು. ಅದಕ್ಕೆ ಜ್ವರದ ನೀರು ಎಂದು ಹೆಸರು. ಆ ಪದ್ಧತಿಯಲ್ಲಿ ತಪ್ಪಿರಲಿಲ್ಲ. ಜ್ವರ ತಾನಾಗಿ ಬಿಡುವಷ್ಟರಲ್ಲಿ ರಕ್ತ ತನ್ನ ಪಾಠ ಕಲಿತಿರುತ್ತಿತ್ತು, ಕರುಳೂ ಮಾಯುತ್ತ ಬಂದಿರುತ್ತಿತ್ತು. ಅವ್ವನ ಗಡಿಯಾರ ಮೈಯ ಬಿಸಿ. ಆ ಗಡಿಯಾರದ ಮುಳ್ಳನ್ನು ಕ್ಯಾಪ್ಸೂಲ್ ಮುಂದಕ್ಕೆ ತಿರುಗಿಸಿಬಿಟ್ಟಿತ್ತು.

"ನಾಡಿದ್ದು ಶುಕ್ರವಾರ ನೀರು ಹಾಕೋಣ," ಎಂದಳು ಅವ್ವ.

"ಬ್ಯಾಡ ಅವ್ವಾ. ಕರುಳಾಗ ಹುಣ್ಣ ಅದಾವ."

"ನೀ ನೋಡಿಯೇನ?"

ಸತ್ತವರ ಕರುಳುಗಳನ್ನು ನಾನು ಗಾಜಿನ ಭರಣಿಗಳಲ್ಲಿ ನೋಡಿದ್ದೆ. ವೈನಿ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. "ಇಕಿದು ನೋಡಿಲ್ಲ," ಎಂದೆ.

"ಮತ್ತ? ಜ್ವರ ಬಿಟ್ಟ ಮ್ಯಾಲೂ ಉಪವಾಸ ಕೆಡವಿದ್ರ ನಿತ್ರಾಣಾಗಿ ಸಾಯ್ತಾರ. ನಾ ಕಣ್ಣಾರೆ ಕಂಡೀನಿ."

ಅವ್ವ ಹೇಳಿದ್ದೂ ನಿಜವೇ. ಹಾಗೆ ಸತ್ತವರೂ ಇದ್ದರು. ಡಾಕ್ಟರ ಮಾತೂ ಗಂಜಿಯೇ ಎಂದು ಅಣ್ಣನ ಕೈಯಲ್ಲಿ ಹೇಳಿಸಿದೆ. ಅವ್ವ ಸುಮ್ಮನಾದಳು. ಒಪ್ಪಿದಳು ಎಂದುಕೊಂಡೆ.

ವೈನಿಯ ಹಸಿವನ್ನು ಮಾತ್ರ ಯಾರಿಂದಲೂ ಸುಮ್ಮನಿರಿಸಲಾಗಲಿಲ್ಲ. ಈ ಜ್ವರ ಬಿಟ್ಟವರ ಹಸಿವು ಬೇರೆ ತರಹದ್ದು. ಕೆಳಗಿನ ಮನೆಯಲ್ಲಿ ಒಗ್ಗರಣೆ ಸಿಡಿದರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. "ಸುಮಿ, ಒಂದ ತುತ್ತ. ಉಪ್ಪಿನಕಾಯಿ ಬ್ಯಾಡ, ತುಪ್ಪಾನೂ ಬ್ಯಾಡ. ಬರೇ ಅನ್ನ," ಎಂದು ನನ್ನ ಸೆರಗು ಹಿಡಿದಳು. "ಇನ್ನೊಂದ ಹದಿನೈದ ದಿನ, ವೈನಿ." "ಹದಿನೈದ ದಿನ!" ಎಂದು ಗೋಡೆಯ ಕಡೆ ತಿರುಗಿದಳು. ಆಮೇಲೆ ತಾನೇ ಹೇಳಿದಳು: "ನಿಮ್ಮ ಸೀಸೆಯೊಳಗಿನವಕ್ಕ ದಿನಾ ಊಟಾ ಹಾಕ್ತೀರಿ. ನಾ ಏನ ಪಾಪ ಮಾಡೀನಿ?"

ಶುಕ್ರವಾರ ನಾನು ಕೆಲಸದಿಂದ ಬಂದಾಗ ಗ್ಯಾಲರಿಯಲ್ಲಿ ಯಾರೂ ಕೂಗಲಿಲ್ಲ. ಒಳಗೆ ಮೆಂತ್ಯದ ಸಾರಿನ ವಾಸನೆ. ವೈನಿ ಗೋಡೆಗೆ ಒರಗಿ ಕೂತಿದ್ದಳು. ಕೂದಲು ಒದ್ದೆಯಾಗಿತ್ತು, ಹಣೆಗೆ ಕುಂಕುಮ. ಸೀತಕ್ಕ ಅವಳ ಕೂದಲಿಗೆ ಧೂಪ ಹಿಡಿದಿದ್ದರು. ಸುಮಾರು ದಿನಗಳ ಮೇಲೆ ಅವಳ ಮುಖ ಮುಖದ ಹಾಗೆ ಕಾಣುತ್ತಿತ್ತು.

"ಬೈಬ್ಯಾಡ್ರಿ ಕ್ರಿಮಿಬಾಯಿ. ಎರಡಽ ತುತ್ತ ಉಂಡೀನಿ," ಎಂದಳು. ಎರಡಕ್ಕಿಂತ ಹೆಚ್ಚು ಉಂಡಿದ್ದಳು ಎಂದು ಅವಳ ಕಣ್ಣು ಹೇಳುತ್ತಿತ್ತು.

"ಜ್ವರ ಬಿಟ್ಟವರಿಗೆ ಇನ್ನೂ ಗಂಜಿನೀರಾ ಕೊಡುವುದು, ನೀವೇ ಹೇಳಿ?" ಎಂದರು ಸೀತಕ್ಕ.

ಅವ್ವ ನನ್ನ ಮುಖ ನೋಡಲಿಲ್ಲ. ನಾನು ಜಗಳ ಮಾಡಲಿಲ್ಲ. ಉಂಡ ಅನ್ನವನ್ನು ಜಗಳ ಹೊರಗೆ ತೆಗೆಯುವುದಿಲ್ಲ. ಪಾರ್ಲೆಯ ಡಾಕ್ಟರಿಗೆ ಹೋಗಿ ಹೇಳಿದೆ. ಅವರು ತಲೆ ಅಲ್ಲಾಡಿಸಿ, ಮತ್ತೆ ಗಂಜಿಗೆ ತನ್ನಿ, ಅಲುಗಾಡದೆ ಮಲಗಿಸಿ, ನಾಡಿ ನೋಡುತ್ತಿರಿ ಎಂದರು.

ಶನಿವಾರ ಏನೂ ಆಗಲಿಲ್ಲ. ಭಾನುವಾರ ವೈನಿ ಅಣ್ಣನ ಜೊತೆ ಇಸ್ಪೀಟು ಆಡಿ ಗೆದ್ದಳು. "ನೋಡಿದಿ?" ಎಂದಳು ಅವ್ವ, ಅಷ್ಟೇ. ನನಗೂ ಆ ಎರಡು ದಿನ ನನ್ನ ಪಾಠಗಳು ಸುಳ್ಳಾಗಲಿ ಎನ್ನಿಸುತ್ತಿತ್ತು.

ಸೋಮವಾರ ಬೆಳಗಿನಿಂದ ಮಳೆ ನಿಲ್ಲಲೇ ಇಲ್ಲ. ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ನಿಂತವು. ನಾನು ಸ್ಟೇಷನ್‌ವರೆಗೆ ಹೋಗಿ ವಾಪಸು ಬಂದೆ. ಅವ್ವ ಬಾಗಿಲಲ್ಲೇ ಹೇಳಿದಳು: "ಮೈ ಹೆಂಗ ತಣ್ಣಗಾಗೇದ ನೋಡ. ಪೂರಾ ಬಿಟ್ಟತು." ಥರ್ಮಾಮೀಟರ್ ಸಹಜಕ್ಕಿಂತಲೂ ಕೆಳಗಿತ್ತು. ನಾನು ವೈನಿಯ ಕೈ ಹಿಡಿದೆ. ಅಂಗೈ ಒದ್ದೆ, ತಣ್ಣಗೆ. ನಾಡಿ ದಾರದಷ್ಟು ಸಣ್ಣಗಾಗಿ, ಎಣಿಸಲಾಗದ ಹಾಗೆ ಓಡುತ್ತಿತ್ತು. ತುಟಿ ಸುಣ್ಣದ ಬಣ್ಣ. "ಕಣ್ಣ ಮುಂದ ಕತ್ತಲಿ ಬರ್ತದ ಸುಮಿ," ಎಂದಳು. ಹೊದಿಕೆ ಎತ್ತಿದೆ. ಹಾಸಿಗೆ ಕರುಳಿನ ರಕ್ತದಲ್ಲಿ ಕಪ್ಪಗೆ ನೆನೆದಿತ್ತು.

ಅವ್ವ ಅದನ್ನು ನೋಡಿದಳು. ನೋಡಿ ಅಲ್ಲೇ ನೆಲಕ್ಕೆ ಕೂತಳು.

ಅಣ್ಣ ಅವಳನ್ನು ಚಾದರದಲ್ಲಿ ಸುತ್ತಿ ಎತ್ತಿಕೊಂಡು ಇಳಿದ. ಸೀತಕ್ಕನ ಗಂಡ ಹೋಟೆಲಿನಿಂದ ಓಡಿ ಬಂದು ಟ್ಯಾಕ್ಸಿ ಹಿಡಿದರು. ಸಾಂತಾಕ್ರೂಜ್ ದಾಟುವಾಗ ನೀರು ಬಾಗಿಲಿನ ಸಂದಿಯಿಂದ ಒಳಗೆ ಬಂತು. ಗಾಡಿ ಕೆಮ್ಮಿ ನಿಂತಿತು. ಅಣ್ಣನೂ ಭಟ್ಟರೂ ಇಳಿದು ನೂಕಿದರು, ಅಪರಿಚಿತರು ಕೈ ಹಾಕಿದರು. ವೈನಿಯ ತಲೆ ನನ್ನ ತೊಡೆಯ ಮೇಲಿತ್ತು. ಅವಳ ನಾಡಿಯ ಮೇಲಿಂದ ಬೆರಳು ತೆಗೆಯದೆ ಕೂತಿದ್ದೆ. ಅದು ತಪ್ಪಿದರೆ ನನಗೆ ತಿಳಿಯಬೇಕು ಎಂಬುದೊಂದೇ ಯೋಚನೆ. ತಿಳಿದು ಏನು ಮಾಡುತ್ತಿದ್ದೆನೋ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಅಣ್ಣನದು ಹೊಂದಿತು, ನನ್ನದು ಹೊಂದಲಿಲ್ಲ. ರಾತ್ರಿ ಕಳೆಯಿತು, ಮರುದಿನವೂ ಕಳೆಯಿತು. ತುಟಿಗೆ ಸ್ವಲ್ಪ ಬಣ್ಣ ಬಂತು. ನೀರು ಕೇಳಿದಳು, ಒದ್ದೆ ಹತ್ತಿಯಿಂದ ತುಟಿ ಒರೆಸಲು ಮಾತ್ರ ಅನುಮತಿ ಇತ್ತು. ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ ಹೇಳಿದಳು: "ಅತ್ತಿ ಹಾಕಲಿಲ್ಲ. ನಾನಽ ಕಾಡಿ ಹಾಕಿಸ್ಕೊಂಡೆ. ಅವರಿಗೆ ಏನೂ ಅನಬ್ಯಾಡ್ರಿ."

"ಯಾರೂ ಏನೂ ಅನ್ನೂದಿಲ್ಲ, ವೈನಿ."

ಆಸ್ಪತ್ರೆಯವರು ತೆಗೆದ ರಕ್ತದಲ್ಲಿ ಸ್ವಲ್ಪ ನನಗೂ ಕೊಟ್ಟರು. ಲೋಕಲ್ ಮತ್ತೆ ಶುರುವಾಗಿತ್ತು. ಪ್ರಯೋಗಾಲಯಕ್ಕೆ ಹೋಗಿ ಕೊಳವೆಗಳನ್ನು ಜೋಡಿಸಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು ಆಸ್ಪತ್ರೆಗೆ ಮರಳಿದೆ. ಆ ಇಡೀ ದಿನ ಅವಳು ನಿದ್ದೆ ಮಾಡಿದಳು. ಗುರುವಾರ ಬೆಳಿಗ್ಗೆ ಫಲಿತಾಂಶ ನೋಡಲು ಹೋದೆ. ಮೊದಲನೆಯ ಕೊಳವೆ ತಿಳಿಯಾಗಿತ್ತು, ತಳದಲ್ಲಿ ಬಿಳಿಯ ಚೂರುಗಳು. ಎರಡನೆಯದೂ ಹಾಗೆಯೇ, ಮೂರನೆಯದೂ. ಸಾಲಿನ ಕೊನೆಯವರೆಗೂ ಹೋದೆ. ಎಲ್ಲದರಲ್ಲೂ ಕ್ರಿಮಿಗಳು ಅಂಟಿ ಕೆಳಗಿಳಿದಿದ್ದವು. ಅವಳ ರಕ್ತ ಕಲಿತುಬಿಟ್ಟಿತ್ತು. ಡಾಕ್ಟರ್ ಕರ್ಣಿಕ್ ಪಕ್ಕದಲ್ಲಿ ನಿಂತು ನೋಡಿ, ಎಂದೂ ಮಾಡದ್ದನ್ನು ಮಾಡಿದರು. ನನ್ನ ಹೆಗಲು ತಟ್ಟಿದರು. "ಹೋಗಿ ಹೇಳಿ ಮನೆಯವರಿಗೆ," ಎಂದರು.

ನಾನು ಸ್ಟೇಷನ್‌ವರೆಗೆ ಓಡಿದೆ. ದೊಡ್ಡವಳಾದ ಮೇಲೆ ರಸ್ತೆಯಲ್ಲಿ ಓಡಿದ್ದು ನೆನಪಿಲ್ಲ.

ವಾರ್ಡಿನ ಹೊರಗೆ ಅಣ್ಣ ಬೆಂಚಿನ ಮೇಲೆ ಕೂತಿದ್ದ. ಬೆಳಗ್ಗೆ ಒಮ್ಮೆಲೇ ಹೊಟ್ಟೆ ಹಿಡಿದುಕೊಂಡು ಚೀರಿದಳಂತೆ. ಆಮೇಲೆ ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತಂತೆ. ಕರುಳಿನ ಗೋಡೆ ಒಂದು ಕಡೆ ತೂತಾಗಿತ್ತು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ ಎಂದ. ನಾನು ಅವನ ಪಕ್ಕದಲ್ಲಿ ಕೂತೆ. ಕೊಳವೆಗಳ ವಿಷಯ ಹೇಳಲಿಲ್ಲ. ಮಧ್ಯಾಹ್ನ ಸರ್ಜನ್ ಹೊರಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು ನಿಂತು ಚಪ್ಪಲಿ ಬಿಟ್ಟ.

ಗದಗಿನಿಂದ ಅವಳ ತಂದೆ ಬಂದರು. ಹದಿಮೂರನೆಯ ದಿನದ ಕ್ರಿಯೆ ಮುಗಿಯಿತು, ಅವರು ಹೊರಟುಹೋದರು. ಅಲ್ಲಿಯವರೆಗೆ ಮನೆಯಲ್ಲಿ ಜನ ಇದ್ದರು, ಸೀತಕ್ಕ ದಿನವೂ ಏನಾದರೂ ಮಾಡಿ ತರುತ್ತಿದ್ದರು. ಅವ್ವ ಎಲ್ಲರ ಜೊತೆಗೂ ಮಾತಾಡಿದಳು, ನನ್ನೊಬ್ಬಳನ್ನು ಬಿಟ್ಟು. ಆ ಸಂಜೆ ಅಣ್ಣ ಗ್ಯಾಲರಿಯಲ್ಲಿ ಕೂತು ಹೋಗುವ ಬರುವ ರೈಲು ನೋಡುತ್ತಿದ್ದ. ಅವ್ವ ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಎಳೆದಳು.

"ಸುಮಿ, ಖರೇ ಹೇಳು. ಅನ್ನಕ್ಕ ಆತೇನು?"

ನಾನು ಈ ಪ್ರಶ್ನೆಗೆ ತಯಾರಾಗಿದ್ದೆ. "ಗೊತ್ತಿಲ್ಲ ಅವ್ವಾ. ಯಾರಿಗೂ ಗೊತ್ತಾಗೂದಿಲ್ಲ. ಬರೇ ಗಂಜಿ ಕುಡದವರಿಗೂ ಹಿಂಗ ಆಗ್ತದ."

ಅವ್ವ ಮತ್ತೆ ಕೇಳಿದಳು: "ಗಂಜಿ ಕುಡದವರಿಗೆ ಹೆಚ್ಚ ಆಗ್ತದೋ, ಅನ್ನ ಉಂಡವರಿಗೋ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ವೈನಿ ಹೇಳಿದ ಮಾತು ಹೇಳಿದೆ. ಆಕೀನೇ ಕಾಡಿ ಹಾಕಿಸ್ಕೊಂಡ್ಲಂತ, ಅತ್ತೀಗೆ ಏನೂ ಅನಬ್ಯಾಡ್ರಿ ಅಂದ್ಲು ಎಂದೆ.

"ಅದನ್ನ ಕೇಳಲಿಲ್ಲ ನಾ," ಎಂದಳು ಅವ್ವ. "ಕೇಳಿದ್ದಕ್ಕ ಹೇಳು."

"ಅನ್ನ ಉಂಡವರಿಗೆ," ಎಂದೆ.

ಅವ್ವ ತಲೆ ಆಡಿಸಿದಳು. ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಬಂದ ಹಾಗೆ. ಅಳಲಿಲ್ಲ. ಬಾಗಿಲು ತೆರೆದು ಹೋಗಿ ಅಣ್ಣನ ಪಕ್ಕದಲ್ಲಿ ಗ್ಯಾಲರಿಯಲ್ಲಿ ಕೂತಳು. ಅವನಿಗೆ ಏನಾದರೂ ಹೇಳಿದಳೋ ಇಲ್ಲವೋ, ರೈಲಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಎದ್ದಳು, ಸ್ನಾನ ಮಾಡಿದಳು, ದೇವರಿಗೆ ದೀಪ ಹಚ್ಚಿದಳು, ಒಲೆಯ ಹತ್ತಿರ ಹೋಗಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಅಣ್ಣ ಚಹಾ ಕೂಡ ಕೇಳದೆ ಆಫೀಸಿಗೆ ಹೊರಟುಹೋದ. ನಾನು ಸ್ಟವ್ ಹಚ್ಚಿ ಅಕ್ಕಿ ತೊಳೆದೆ. ನೀರು ಎಷ್ಟು ಎಂದು ಎರಡು ಸಲ ಕೇಳಿದೆ. ಅಂದಾಜಿನ ಮೇಲೆ ಹಾಕಿದೆ. ಅನ್ನ ಮೆತ್ತಗಾಯಿತು. ತಾಟಿನಲ್ಲಿ ಬಡಿಸಿ, ತುಪ್ಪ ಉಪ್ಪು ಹಾಕಿ ಅವಳ ಮುಂದೆ ಇಟ್ಟು, ಎದುರಿಗೆ ಕೂತೆ.

"ನಿನ್ನ ಗಾಡಿ ತಪ್ಪತದ," ಎಂದಳು.

"ತಪ್ಪಲಿ."

ಕೆಳಗೆ ನನ್ನ ಲೋಕಲ್ ಹೋಯಿತು, ಗೋಡೆಯ ಗೂಡಿನಲ್ಲಿದ್ದ ಪಾತ್ರೆಗಳು ಅಲುಗಿದವು. ನಾನು ಅನ್ನ ಕಲಸಿ ಒಂದು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವ್ವ ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಮುಂದಿನ ಲೋಕಲ್ಲೂ ಹೋಯಿತು. ನಾನು ಕೈ ಇಳಿಸಲಿಲ್ಲ.